ಬೇಲಿಗೆ ಕಣಗಿಲೆಯೋ, ಕಾಗದದ ಹೂವೋ, ತಂಗಡಿಯೋ

ಚಳ್ಳಕೆರೆ ಕಡೆ ನಮ್ಮ ಹೊಲದ ಮನೆ. ಕಲ್ಲುಕಂಬ, ತಂತಿ ಮೊದಲೇ ಇತ್ತು. ಅದರ ಪಕ್ಕಕ್ಕೆ ವರ್ಷವಿಡೀ ಹಸಿರಾಗಿದ್ದು ಹೂ ಬಿಡೋ ಗಿಡ ಬೇಕಿತ್ತು. ಬೋರಿನ ನೀರು ಕುಡಿಯೋಕೆ ಸಾಕಾದರೆ ಪುಣ್ಯ, ಇನ್ನು ಗಿಡಕ್ಕೆಲ್ಲಿ? ಅದಕ್ಕೇ 20-20 ಅಡಿಯಂತೆ ಮೂರು ಥರದ್ದು ಹಾಕಿದೆ. ಮೂರು ಬೇಸಿಗೆ ಕಳೆದಿವೆ.

ಕಣಗಿಲೆಯಷ್ಟು ಸುಲಭವಾದದ್ದು ಬೇರೆ ಇಲ್ಲ. ಪೆನ್ಸಿಲ್ ದಪ್ಪದ ಕಡ್ಡಿಯನ್ನು ಬಾಟಲಿ ನೀರಲ್ಲಿ ಇಟ್ಟರೂ ಬೇರು ಬಿಡುತ್ತದೆ. ಹೆದ್ದಾರಿಯ ಡಿವೈಡರ್ ತುಂಬ ಇದೇ ಇರೋದು ಸುಮ್ನೆ ಅಲ್ಲ. ಬಿಸಿಲು, ಹೊಗೆ, ದೂಳು ಎಲ್ಲ ತಡೆಯುತ್ತದೆ, ಎದುರು ಲಾರಿಯ ಲೈಟು ಕಣ್ಣಿಗೆ ಹೊಡೆಯದಂತೆ ಮರೆಯಾಗುತ್ತದೆ. ಪೂಜೆಗೂ ಹೂ ಸಿಗುತ್ತದೆ. ಒಂದು ಬೆಳಗ್ಗೆ ಎಲೆಯಡಿ ಬೆಳ್ಳಿ ಜುಮುಕಿ ಥರ ಏನೋ ತೂಗಾಡುತ್ತಿತ್ತು. ಬಗ್ಗಿ ನೋಡಿದರೆ ಚಿಟ್ಟೆಯ ಗೂಡು! ಕನ್ನಡಿಯಷ್ಟು ಹೊಳಪು, ನನ್ನ ಮುಖವೇ ಕಾಣಿಸುವಂತಿತ್ತು.

ಆದರೆ ಬೇರಿಂದ ಹೂವಿನ ತನಕ ಎಲ್ಲವೂ ವಿಷ. "ಅದರ ಕಡ್ಡಿ ಒಲೆಗೆ ಹಾಕಬೇಡಮ್ಮಾ, ಹೊಗೇನೂ ಒಳ್ಳೇದಲ್ಲ" ಅಂತ ಅತ್ತೆ ಮೊದಲೇ ಹೇಳಿದ್ದರು. ಕಡ್ಡಿ ಒಲೆಗೇನೋ ಹಾಕಲಿಲ್ಲ. ಒಂದಿನ ನೋಡ್ತೀನಿ, ಮಗಳು ಅದರ ಎಲೆ ಹರಿದು ತೆಂಗಿನ ಚಿಪ್ಪಲ್ಲಿ ಗೊಂಬೆಗೆ ಸಾರು ಮಾಡ್ತಿದ್ದಾಳೆ. ಕೈ ತೊಳೆಸಿ, ಅಂಗಳದ ಹತ್ತಿರದ ಗಿಡಗಳನ್ನೆಲ್ಲ ಅವತ್ತೇ ಕಿತ್ತೆ.

ಕಾಗದದ ಹೂವಿಗೆ ನೀರು ಕಡಿಮೆಯಾದಷ್ಟೂ ಬಣ್ಣ ಜಾಸ್ತಿ. ಬಣ್ಣದ್ದು ಹೂವಲ್ಲ, ಎಲೆ; ನಿಜವಾದ ಹೂ ಅದರೊಳಗೆ ಪುಟ್ಟದಾಗಿ ಬೆಳ್ಳಗೆ ಇರುತ್ತದೆ. ಚೆಂದ ಅಂದರೆ ಇದೇ. ಆದರೆ ಮುಳ್ಳು! ಸವರೋಕೆ ಹೋದರೆ ಮೊಣಕೈ ತನಕ ಗೀರು. ಬೇಲಿ ದಾಟಿ ಬಂದ ಮೇಕೆಗಳು ಚಿಗುರನ್ನು ಮುಳ್ಳಿನ ನಡುವಿಂದಲೇ ಮೇಯ್ದವು.

ಇನ್ನು ತಂಗಡಿ. ಆವರಿಕೆ ಅಂತಲೂ ಅಂತಾರೆ. ದಾರಿಬದಿಯ ಗಿಡ ತಾನೇ ಅಂತ ಆರು ಕಿತ್ತು ತಂದು ನೆಟ್ಟೆ, ಆರೂ ಒಣಗಿದವು. ಅದರ ತಾಯಿಬೇರು ಆಳಕ್ಕೆ ಇಳಿಯುತ್ತದೆ, ಎಳೆದರೆ ಅರ್ಧಕ್ಕೆ ಕಿತ್ತು ಬರುತ್ತದೆ. ಆಮೇಲೆ ಒಣ ಕಾಯಿ ಒಡೆದು ಬೀಜ ತಂದು, ಬಿಸಿನೀರಲ್ಲಿ ಒಂದು ರಾತ್ರಿ ನೆನೆಸಿ, ಮುಂಗಾರಿಗೆ ಸೀದಾ ಬೇಲಿ ಸಾಲಿಗೇ ಬಿತ್ತಿದೆ. "ತಂಗಡಿ ಬಿತ್ತೋರನ್ನ ಇದೇ ಮೊದಲು ನೋಡಿದ್ದು ಬಿಡವ್ವಾ" ಅಂತ ಪಕ್ಕದ ಹೊಲದ ಅಜ್ಜ ನಕ್ಕರು.

ಮೊದಲ ವರ್ಷ ಕೈಬೆರಳುದ್ದ ಕುಳ್ಳಗೇ ಇತ್ತು, ಬೇಜಾರಾಯಿತು. ಈಗ ಎದೆಮಟ್ಟ. ಮೊದಲ ಬೇಸಿಗೆಯಲ್ಲಿ ವಾರಕ್ಕೊಂದು ಚೊಂಬು ಹಾಕಿದ್ದು ಬಿಟ್ಟರೆ ನೀರೇ ಕೊಟ್ಟಿಲ್ಲ. ದನ ಮೂಸಲ್ಲ. ಹಳದಿ ಹೂ ಗೊಂಚಲುಗೊಂಚಲು. ಸವರಿದ ಸೊಪ್ಪು ತೆಂಗಿನ ಬುಡಕ್ಕೆ ಗೊಬ್ಬರ. ತೊಗಟೆಯಲ್ಲಿ ಚರ್ಮ ಹದ ಮಾಡೋ ಒಗರು ಇದೆ, ಚಮ್ಮಾರರಿಗೆ ಇದು ಹಳೇ ಗುರುತು. ತೆಲಂಗಾಣದವರು ಇದನ್ನೇ ರಾಜ್ಯದ ಹೂ ಮಾಡಿಕೊಂಡಿದ್ದಾರೆ, ಬತುಕಮ್ಮ ಹಬ್ಬಕ್ಕೆ ಇದಿಲ್ಲದೆ ಆಗಲ್ಲ. ಒಣಗಿದ ಹೂ ಕುದಿಸಿ, ಚೂರು ಬೆಲ್ಲ ಹಾಕಿ ಕುಡಿದೆ. ನಸುಗಹಿ, ಪರವಾಗಿಲ್ಲ. ಸಕ್ಕರೆ ಕಾಯಿಲೆ ಹೋಗುತ್ತೆ ಅಂತ ನೆಂಟರು ಹೇಳಿದರೂ ಅತ್ತೆಯ ಮಾತ್ರೆ ಮಾತ್ರ ನಾವು ನಿಲ್ಲಿಸಿಲ್ಲ.

ಒಂದೇ ಬೇಕು ಅಂದರೆ ನನ್ನ ಓಟು ತಂಗಡಿಗೆ. ಆದರೆ ಒಂದು ವರ್ಷ ಕಾಯೋ ತಾಳ್ಮೆ ಬೇಕು. ಗೇಟಿನ ಮೇಲೆ ಕಾಗದದ ಹೂ ಹಾಗೇ ಬಿಟ್ಟಿದ್ದೇನೆ. ಕಣಗಿಲೆ ಹಿತ್ತಲ ಮೂಲೆಯಲ್ಲಿ ಎರಡೇ ಉಳಿದಿದೆ, ಆ ಬೆಳ್ಳಿ ಗೂಡಿನ ಆಸೆಗೆ. ಮೊನ್ನೆ ಅದೇ ಅಜ್ಜ ಬಂದು ಒಂದು ಹಿಡಿ ತಂಗಡಿ ಬೀಜ ಕೇಳಿ ಒಯ್ದರು.