ಚಪ್ಪಟೆ ತಳವೋ, ಆಳದ ವಿ ತಳವೋ?

ಲಿಂಗನಮಕ್ಕಿ ಹಿನ್ನೀರಿಗೆಂದು ಹಳೆಯ 16 ಅಡಿ ಸ್ಪೀಡ್‌ಬೋಟ್ ಕೊಳ್ಳುವವರು ಎಂಜಿನ್‌ಗಿಂತ ಮೊದಲು ತಳ ನೋಡಬೇಕು.

ಚಪ್ಪಟೆ ತಳ ಕಡಿಮೆ ಅಶ್ವಶಕ್ತಿಗೇ ನೀರಿನ ಮೇಲೆದ್ದು ಓಡುತ್ತದೆ, ನಿಂತಾಗ ಹೊಯ್ದಾಡುವುದಿಲ್ಲ. ಗಾಳಿಗೆ ಅಲೆ ಎದ್ದರೆ ಮಾತ್ರ ದಬದಬ ಬಡಿದು ಸೊಂಟ ನೋಯಿಸುತ್ತದೆ, ತಿರುವಿನಲ್ಲಿ ಪಕ್ಕಕ್ಕೆ ಜಾರುತ್ತದೆ.

ಅಮೆರಿಕದ ದೋಣಿ ವಿನ್ಯಾಸಕಾರ ರೇ ಹಂಟ್ ರೂಪಿಸಿದ ಆಳದ ವಿ ತಳ (ಇಂಗ್ಲಿಷಿನ V ಅಕ್ಷರದಂತೆ ನಡುವೆ ಚೂಪು, ಎರಡೂ ಬದಿ ಮೇಲಕ್ಕೆ ಓರೆ) ಹಿಂಬದಿಯವರೆಗೂ ಸುಮಾರು 24 ಡಿಗ್ರಿ ಓರೆ ಉಳಿಸಿಕೊಂಡು ಅಲೆ ಸೀಳುತ್ತದೆ; 1960ರ ಮಯಾಮಿ–ನಸ್ಸೌ ಮೋಟಾರು ದೋಣಿ ಓಟ ಗೆದ್ದದ್ದು ಇಂಥ ತಳದ ದೋಣಿಯೇ. ಆದರೆ ಪೆಟ್ರೋಲ್ ಜಾಸ್ತಿ ಕುಡಿಯುತ್ತದೆ, ನಿಂತಾಗ ತೂಗುತ್ತದೆ.

ಹಿನ್ನೀರಿಗೆ 14–18 ಡಿಗ್ರಿ ಓರೆಯ ನಡುಮಧ್ಯದ ತಳವೇ ಸರಿ. ಬೇಸಿಗೆಯಲ್ಲಿ ನೀರಿಳಿದಾಗ ಮುಳುಗಿದ ಮರದ ಬೊಡ್ಡೆಗಳು ಪ್ರೊಪೆಲ್ಲರ್ ಮುರಿಯುತ್ತವೆ. ಅದಕ್ಕೆ ಯಾವ ತಳವೂ ರಕ್ಷಣೆಯಲ್ಲ. ಕೊಳ್ಳುವ ಮುನ್ನ ಎಂಜಿನ್ ಕೂರುವ ಹಿಂಬದಿ ಹಲಗೆಯನ್ನು ಸುತ್ತಿಗೆಯಿಂದ ಮೆಲ್ಲಗೆ ತಟ್ಟಿ: ಮಂಕು ಸದ್ದು ಬಂದರೆ ಒಳಗಿನ ಪ್ಲೈವುಡ್ ಕೊಳೆತಿರುವ ಸಾಧ್ಯತೆ ಹೆಚ್ಚು.