ವಾಗ್ದಾನದ ಚೀಟಿ, ಒಳಾರ್ಥದ ಪ್ರಸಂಗ, ಟಿಪ್ಪಣಿ ಸತ್ಯವೇದ: ಹಿಂದುಮುಂದಿನ ಓದನ್ನೇ ನಾನು ಆರಿಸಿಕೊಂಡದ್ದೇಕೆ

ಸತ್ಯವೇದದ, ಅಂದರೆ ಬೈಬಲಿನ, ಒಂದು ಭಾಗದ ಅರ್ಥ ತಿಳಿಯಬೇಕಾದರೆ ಅದರ ಹಿಂದಿನದನ್ನೂ ಮುಂದಿನದನ್ನೂ ಓದಬೇಕು, ಆ ಪುಸ್ತಕ ಚಿಕ್ಕದಾಗಿದ್ದರೆ ಒಂದೇ ಸಲ ಕೂತು ಮುಗಿಸಬೇಕು, ಆಮೇಲೆ ಅದೇ ವಿಷಯ ಸತ್ಯವೇದದಲ್ಲಿ ಮತ್ತೆಲ್ಲಿ ಬಂದಿದೆಯೆಂದು ಹುಡುಕಿ ನೋಡಬೇಕು. ಗುಳೇದಗುಡ್ಡದ ನಮ್ಮ ಬುಧವಾರದ ಅಧ್ಯಯನ ಕೂಟದಲ್ಲಿ ಹಲವು ಬಗೆಯ ಓದುಗಳನ್ನು ನಡೆಸಿ ನೋಡಿದ ಮೇಲೆ ನಾನು ಬಂದು ನಿಂತಿರುವುದು ಈ ಕ್ರಮಕ್ಕೆ. ಇದಕ್ಕೆ ಬೇಕಾದದ್ದು ಅಂಚಿನಲ್ಲಿ ಅಡ್ಡ ಉಲ್ಲೇಖಗಳಿರುವ ಒಂದು ಸಾದಾ ಸತ್ಯವೇದ ಮತ್ತು ಒಂದು ನೋಟುಬುಕ್ಕು ಮಾತ್ರ. ಹೀಗಿದ್ದರೂ ಕೂಟದವರೆಲ್ಲ ವಂತಿಗೆ ಹಾಕಿ ಒಂದು ದಪ್ಪ ಟಿಪ್ಪಣಿ ಸತ್ಯವೇದವನ್ನು ತರಿಸಿದೆವು, ಮತ್ತು ಅದರಿಂದ ಎದ್ದ ತೊಡಕೇ ಈ ಹೋಲಿಕೆಯನ್ನು ಬರೆಯಲು ಕಾರಣವಾಯಿತು.

ನಮ್ಮ ಕೂಟದ ಸ್ವರೂಪವನ್ನು ಹೇಳಿದರೆ ಉಳಿದದ್ದು ತಿಳಿಯುತ್ತದೆ. ಬಾಸೆಲ್ ಮಿಷನ್ನಿನವರು ಗುಳೇದಗುಡ್ಡದಲ್ಲಿ ಠಾಣೆ ಹೂಡಿದ್ದು 1851ರಲ್ಲಿ. ಅಂದಿನಿಂದ ಇಲ್ಲಿ ಸತ್ಯವೇದವನ್ನು ಕನ್ನಡದಲ್ಲಿ ಓದುವ ಮನೆಗಳಿವೆ. ಕೂಟಕ್ಕೆ ಬರುವವರಲ್ಲಿ ಖಣ ನೇಯುವವರಿದ್ದಾರೆ, ಬಸ್ ಕಂಡಕ್ಟರ್ ಒಬ್ಬರಿದ್ದಾರೆ, ನನ್ನಂತೆ ಶಾಲೆಯಲ್ಲಿ ಕಲಿಸುವವರಿದ್ದಾರೆ. ಮಗ್ಗ ನಿಲ್ಲಿಸಿ, ಊಟ ಮುಗಿಸಿ ಬರುವಷ್ಟರಲ್ಲಿ ರಾತ್ರಿ ಎಂಟಾಗಿರುತ್ತದೆ, ಓದಿಗೆ ಸಿಗುವುದು ಒಂದು ತಾಸು. ದೇವಶಾಸ್ತ್ರ ಓದಿದವರು ನಮ್ಮಲ್ಲಿ ಯಾರೂ ಇಲ್ಲ.

ವಾಗ್ದಾನದ ಚೀಟಿಯ ಕ್ರಮವನ್ನು ನಮ್ಮ ಜನರಿಗೆ ವಿವರಿಸಿ ಹೇಳಬೇಕಾಗಿಲ್ಲ. ಡಿಸೆಂಬರ್ 31ರ ರಾತ್ರಿಯ ಆರಾಧನೆಯ ಕೊನೆಯಲ್ಲಿ ತಟ್ಟೆಯಿಂದ ಒಂದು ಚೀಟಿ ಎತ್ತಿಕೊಳ್ಳುತ್ತೇವೆ, ಅದರಲ್ಲಿರುವ ವಚನವೇ ಆ ವರ್ಷಕ್ಕೆ ದೇವರು ನನಗೆ ಕೊಟ್ಟ ಮಾತೆಂದು ಹಿಡಿಯುತ್ತೇವೆ. ದಿನಕ್ಕೊಂದು ವಚನ ಹಿಡಿದು ನಡೆಯುವ ರೂಢಿ ಹಳೆಯದು. ಜರ್ಮನಿಯ ಹೆರ್ನ್‌ಹುಟ್‌ನ ಮೊರೇವಿಯನ್ ಸಹೋದರರು ಅಂಥ ವಚನಗಳ ಪುಸ್ತಕವನ್ನು 1731ರಿಂದ ಪ್ರತಿವರ್ಷ ಮುದ್ರಿಸುತ್ತ ಬಂದಿದ್ದಾರೆ. ಪ್ರಾರ್ಥನೆಗೆ ಇದು ಒಳ್ಳೆಯದು, ಅರ್ಥ ತಿಳಿಯಲು ಸಾಲದು. ಏಕೆಂದರೆ ಚೀಟಿಯಲ್ಲಿ ವಚನ ಇರುತ್ತದೆ, ಆ ಮಾತನ್ನು ಯಾರು ಯಾರಿಗೆ ಯಾವಾಗ ಆಡಿದರೆಂಬುದು ಇರುವುದಿಲ್ಲ.

ಯೆರೆಮೀಯ 29:11ನ್ನೇ ನೋಡಿರಿ. ನಿಮಗೆ ಒಳ್ಳೆಯ ಗತಿಯನ್ನೂ ನಿರೀಕ್ಷೆಯನ್ನೂ ಕೊಡುವುದೇ ನನ್ನ ಆಲೋಚನೆ ಎನ್ನುವ ಈ ವಚನ ಕ್ಯಾಲೆಂಡರುಗಳಲ್ಲಿ, ಮನೆಯ ಬಾಗಿಲ ಮೇಲೆ, ಟಂಟಂ ಗಾಡಿಗಳ ಹಿಂದೆ ಕೂಡ ಇರುತ್ತದೆ. ನಮ್ಮ ಕೂಟದ ಒಬ್ಬ ತಾಯಿಗೆ ಒಂದು ವರ್ಷ ಇದೇ ಚೀಟಿ ಬಂತು. ಗೋವಾಕ್ಕೆ ದುಡಿಯಲು ಹೋದ ಮಗ ಆ ವರ್ಷವೇ ಊರಿಗೆ ಮರಳಿ ಇಲ್ಲಿಯೇ ನೌಕರಿ ಹಿಡಿಯುತ್ತಾನೆಂದು ಅವರು ನಂಬಿದರು, ವರ್ಷ ಕಳೆದರೂ ಅವನು ಬರಲಿಲ್ಲ. ತಮ್ಮ ನಂಬಿಕೆಯಲ್ಲಿಯೇ ಏನೋ ಕೊರತೆಯಿದೆಯೆಂದು ಅವರು ಕೊರಗುತ್ತಿದ್ದುದನ್ನು ನೋಡಿ ನಾವು 27ನೆಯ ಅಧ್ಯಾಯದಿಂದ 29ರವರೆಗೆ ಒಂದೇ ಓಟದಲ್ಲಿ ಓದಿದೆವು. 29ನೆಯ ಅಧ್ಯಾಯದಲ್ಲಿರುವುದು ಬಾಬೆಲಿಗೆ ಸೆರೆಹೋದವರಿಗೆ ಪ್ರವಾದಿ ಬರೆದ ಪತ್ರ. ಎರಡೇ ವರ್ಷದಲ್ಲಿ ಎಲ್ಲ ಸರಿಹೋಗುತ್ತದೆಂದು ಸಾರಿದವನು ಹನನ್ಯ, ಮತ್ತು ಅವನ ಮಾತು ಸುಳ್ಳೆಂದು 28ನೆಯ ಅಧ್ಯಾಯ ಹೇಳುತ್ತದೆ. ಯೆರೆಮೀಯ ಹೇಳಿದ್ದು ಎಪ್ಪತ್ತು ವರ್ಷ, ಅದೂ 11ನೆಯ ವಚನದ ಹಿಂದೆಯೇ ಇರುವ 10ನೆಯ ವಚನದಲ್ಲಿ. ಅಲ್ಲಿಯವರೆಗೆ ಮನೆ ಕಟ್ಟಿಕೊಳ್ಳಿರಿ, ತೋಟ ಮಾಡಿಕೊಳ್ಳಿರಿ, ನೀವಿರುವ ಪಟ್ಟಣದ ಕ್ಷೇಮಕ್ಕಾಗಿ ಪ್ರಾರ್ಥಿಸಿರಿ ಎಂದು ಪತ್ರ ಹೇಳುತ್ತದೆ. ಆ ತಾಯಿ ಅದನ್ನು ಕೇಳಿ, “ಅಂದ್ರ ಅಂವ ಗೋವಾದಾಗ ಇದ್ರೂ ದೇವರ ಕೈಯಾಗ ಅದಾನ” ಎಂದರು. ವಚನದ ಬಲ ಇದರಿಂದ ಕಡಿಮೆಯಾಗಲಿಲ್ಲ, ಅದು ನಿಜವಾಗಿ ಯಾರಿಗೆ ಹೇಳಿದ್ದೋ ಅಂಥವರ ಸಾಲಿನಲ್ಲಿ ಅವರು ಬಂದು ನಿಂತರು. ಹಿಂದುಮುಂದಿನ ಓದನ್ನು ನಾನು ಇಷ್ಟು ಗಟ್ಟಿಯಾಗಿ ಹಿಡಿದಿರುವುದಕ್ಕೆ ಈ ಒಂದು ಸಂಗತಿಯೇ ಸಾಕು.

ಲಗ್ನಪತ್ರಿಕೆಗಳಲ್ಲಿ ಅಚ್ಚಾಗುವ, ಪ್ರೀತಿಯನ್ನು ಕುರಿತ 1 ಕೊರಿಂಥ 13ರದೂ ಇದೇ ಕಥೆ. ಅದರ ಎರಡೂ ಮಗ್ಗುಲಿಗೆ ಇರುವುದು ಪವಿತ್ರಾತ್ಮನ ವರಗಳ ವಿಷಯದಲ್ಲಿ ಕೊರಿಂಥದ ಕ್ರೈಸ್ತ ಸಭೆಯವರ ಪೈಪೋಟಿ.

ಕಥೆಯ ಒಂದೊಂದು ವಿವರಕ್ಕೂ ಬೇರೊಂದು ಗುಪ್ತ ಅರ್ಥ ಹಚ್ಚುವ ಒಳಾರ್ಥದ ಪ್ರಸಂಗವನ್ನು ನಾವು ಕನ್ವೆನ್ಷನ್ ಎಂಬ ದೊಡ್ಡ ಕ್ರೈಸ್ತ ಕೂಟಗಳಲ್ಲಿ ಕೇಳುತ್ತ ಬೆಳೆದವರು. ಲೂಕ 10ರಲ್ಲಿ ಒಳ್ಳೆಯ ಸಮಾರ್ಯದವನ ಸಾಮ್ಯ, ಅಂದರೆ ದೃಷ್ಟಾಂತದ ಕಥೆ, ಇದೆ: ಕಳ್ಳರು ಹೊಡೆದು ಬಿಟ್ಟುಹೋದವನನ್ನು ಯಾಜಕನೂ ಲೇವಿಯನೂ ಕಂಡೂ ದಾಟಿಹೋಗುತ್ತಾರೆ, ಪರಕೀಯನಾದ ಸಮಾರ್ಯದವನು ಅವನನ್ನು ಛತ್ರಕ್ಕೆ ಒಯ್ದು ಛತ್ರದವನಿಗೆ ಹಣ ಕೊಟ್ಟು ಆರೈಕೆ ಮಾಡಿಸುತ್ತಾನೆ. ಅದನ್ನು ಹಳೆಯ ಸಭಾಪಿತ ಸಂತ ಅಗಸ್ಟೀನರು ಬಿಡಿಸಿದ ರೀತಿ ಪ್ರಸಿದ್ಧವಾದದ್ದು: ಗಾಯಗೊಂಡವನು ಆದಾಮ, ಕಳ್ಳರು ಸೈತಾನ ಮತ್ತು ಅವನ ದೂತರು, ಯಾಜಕನೂ ಲೇವಿಯನೂ ಹಳೆಯ ಒಡಂಬಡಿಕೆ, ಸಮಾರ್ಯದವನು ಕ್ರಿಸ್ತನು, ಛತ್ರವು ಸಭೆ, ಛತ್ರದವನು ಅಪೊಸ್ತಲ ಪೌಲ. ಮಧ್ಯಯುಗದ ಬೋಧಕರು ಒಂದೊಂದು ಭಾಗಕ್ಕೂ ಅಕ್ಷರಾರ್ಥ, ಸಾಂಕೇತಿಕಾರ್ಥ, ನೀತಿಯ ಅರ್ಥ, ಪರಲೋಕದ ಅರ್ಥ ಎಂದು ನಾಲ್ಕು ಪದರಗಳನ್ನು ಕಂಡರು. 16ನೆಯ ಶತಮಾನದಲ್ಲಿ ಪ್ರಾಟೆಸ್ಟಂಟ್ ಸುಧಾರಕ ಕ್ಯಾಲ್ವಿನ್ ಸಮಾರ್ಯದವನ ಕುರಿತಾದ ಇಂಥ ಬಿಡಿಸುವಿಕೆಯನ್ನು ಒಪ್ಪಲಿಲ್ಲ, ಮತ್ತು ನನಗೂ ಅವರ ಪಕ್ಷವೇ ಸರಿಯೆನಿಸುತ್ತದೆ. ಛತ್ರದವನಿಗೆ ಕೊಟ್ಟ ಎರಡು ನಾಣ್ಯಗಳು ಕ್ರಿಸ್ತನ ಎರಡನೆಯ ಬರೋಣದವರೆಗಿನ ಎರಡು ಸಾವಿರ ವರ್ಷಗಳೆಂದು ಒಬ್ಬ ಪ್ರಸಂಗಿ ಹೇಳಿದ್ದನ್ನು ಕೇಳಿ ಬಂದ ಮೇಲೆ ನಮ್ಮ ಕೂಟ ಒಂದು ತಾಸನ್ನು ಪೂರ್ತಿ ವರ್ಷಗಳ ಲೆಕ್ಕದಲ್ಲಿ ಕಳೆಯಿತು. ನನ್ನ ನೆರೆಯವನು ಯಾರು ಎಂದು ಧರ್ಮೋಪದೇಶಕನು ಕೇಳಿದ ಪ್ರಶ್ನೆಯಾಗಲಿ, ಹೋಗಿ ನೀನೂ ಹಾಗೆಯೇ ಮಾಡು ಎಂದು ಯೇಸು ಕೊಟ್ಟ ಅಪ್ಪಣೆಯಾಗಲಿ ಆ ರಾತ್ರಿ ಯಾರ ಬಾಯಲ್ಲಿಯೂ ಬರಲಿಲ್ಲ. ಹೊಲಿಗೆ ಹಾಕಿದಂತೆ ಕಥೆಯ ಎರಡೂ ಅಂಚಿಗೆ ಲೂಕನೇ ಇಟ್ಟಿರುವ ಪ್ರಶ್ನೆಯನ್ನೂ ಉತ್ತರವನ್ನೂ ಬಿಟ್ಟುಬಿಡುವ ಓದನ್ನು ನಾನು ಒಪ್ಪಲಾರೆ.

ಆದರೂ ಈ ಕ್ರಮವನ್ನು ಪೂರ್ತಿ ತಳ್ಳಿಹಾಕುವಂತಿಲ್ಲ. ಬಿತ್ತುವವನ ಸಾಮ್ಯವನ್ನು ಮಾರ್ಕ 4ರಲ್ಲಿ ಯೇಸುವೇ ಒಂದೊಂದಾಗಿ ಬಿಡಿಸಿ ಹೇಳುತ್ತಾನೆ: ಬೀಜವೆಂದರೆ ವಾಕ್ಯ, ಹಕ್ಕಿಗಳೆಂದರೆ ಸೈತಾನ. ಅಬ್ರಹಾಮನ ದಾಸಿ ಹಾಗರಳನ್ನೂ ಹೆಂಡತಿ ಸಾರಳನ್ನೂ ಪೌಲ ಗಲಾತ್ಯ 4ರಲ್ಲಿ ಎರಡು ಒಡಂಬಡಿಕೆಗಳೆಂದು ಓದುತ್ತಾನೆ. ಸತ್ಯವೇದವೇ ಎಲ್ಲಿ ಹಾಗೆ ಬಿಡಿಸುತ್ತದೋ ಅಲ್ಲಿ ನಾವೂ ಬಿಡಿಸಬಹುದು, ಅದರಾಚೆ ಕೈ ಬಿಗಿಹಿಡಿಯಬೇಕು ಎಂಬುದು ನಾನು ಇಟ್ಟುಕೊಂಡಿರುವ ನಿಯಮ.

ಈಗ ಟಿಪ್ಪಣಿ ಸತ್ಯವೇದದ ಮಾತು. ಅದರ ನಕ್ಷೆಗಳು ಚೆನ್ನಾಗಿವೆ, ಪ್ರತಿಯೊಂದು ಪುಸ್ತಕದ ಮುನ್ನುಡಿಯೂ ಉಪಯುಕ್ತ, ಬೈಂಡಿಂಗ್ ಗಟ್ಟಿಯಾಗಿದೆ. ತೊಡಕಿರುವುದು ಪುಟದ ಏರ್ಪಾಡಿನಲ್ಲಿ. ಮೇಲೆ ವಚನ, ನಡುವೆ ಒಂದು ತೆಳ್ಳನೆಯ ಗೆರೆ, ಕೆಳಗೆ ಟಿಪ್ಪಣಿ. ಎರಡೂ ಒಂದೇ ಬಗೆಯ ಅಚ್ಚು, ಎರಡಕ್ಕೂ ಅದೇ ಅಧ್ಯಾಯ, ಅದೇ ವಚನಸಂಖ್ಯೆ. ಗಟ್ಟಿಯಾಗಿ ಓದುವಾಗ ಆ ಗೆರೆ ಕೇಳುವವರ ಕಿವಿಗೆ ಬೀಳುವುದಿಲ್ಲ. ಓದುವವರು ವಚನದಿಂದ ಟಿಪ್ಪಣಿಗೆ ಇಳಿದದ್ದು ಯಾವಾಗ, ಮತ್ತೆ ಮೇಲೇರಿದ್ದು ಯಾವಾಗ ಎಂಬುದು ಎದುರಿಗೆ ಕೂತವರಿಗೆ ತಿಳಿಯುವುದೇ ಇಲ್ಲ. ನಮ್ಮ ಕೂಟದಲ್ಲಿ ಕಣ್ಣು ಮಂಜಾಗಿ ಕೇಳಿಯೇ ತಿಳಿಯುವ ಹಿರಿಯರಿದ್ದಾರೆ, ಅವರ ಪಾಲಿಗೆ ಎರಡೂ ದೇವರ ವಾಕ್ಯವೇ ಆಗಿಬಿಟ್ಟವು.

ದಾನಿಯೇಲ 9 ಓದುತ್ತಿದ್ದಾಗ ಇದು ಬಯಲಿಗೆ ಬಂತು. ಅಲ್ಲಿ ಎಪ್ಪತ್ತು ವಾರಗಳ ಮಾತಿದೆ. ಅರವತ್ತೊಂಬತ್ತು ವಾರಗಳು ಮುಗಿದ ಮೇಲೆ ಗಡಿಯಾರ ನಿಂತಿದೆ, ನಡುವೆ ಸಭೆಯ ಕಾಲವೆಂಬ ದೊಡ್ಡ ಅಂತರವಿದೆ, ಎಪ್ಪತ್ತನೆಯ ವಾರ ಇನ್ನು ಮುಂದೆ ಬರಬೇಕಾದ ಏಳು ವರ್ಷಗಳು ಎಂದು ಟಿಪ್ಪಣಿ ಹೇಳಿತು. ಕಂಡಕ್ಟರ್ ಅಣ್ಣ ಅದನ್ನು ಬರೆದುಕೊಂಡು ಮರುವಾರ, “ಹಿಂಗಂತ ದಾನಿಯೇಲನೇ ಬರದಾನ” ಎಂದು ವಾದಕ್ಕೆ ನಿಂತರು. ಎಪ್ಪತ್ತು ದಾಟಿದ ನೇಕಾರ ಕಾಕಾ ನನ್ನ ಕಡೆ ತಿರುಗಿ, “ಅಕ್ಕೋರ, ಅದು ಗೆರಿ ಮ್ಯಾಲಿಂದೋ ಗೆರಿ ಕೆಳಗಿಂದೋ?” ಎಂದು ಕೇಳಿದರು. ಅಂತರದ ಮಾತು ಗೆರೆಯ ಮೇಲೆ ಎಲ್ಲಿಯೂ ಇರಲಿಲ್ಲ. ಅದು ಒಂದು ಪಂಥದ ವ್ಯಾಖ್ಯಾನ. ಬೇರೆ ವ್ಯಾಖ್ಯಾನಕಾರರು ಆ ವಚನಗಳನ್ನು ಕ್ರಿ.ಪೂ. 167ರಲ್ಲಿ ಯೆರೂಸಲೇಮಿನ ದೇವಾಲಯವನ್ನು ಹೊಲೆಮಾಡಿದ ಅರಸ ನಾಲ್ಕನೆಯ ಆಂಟಿಯೋಕಸನ ಕಾಲಕ್ಕೆ ಹೊಂದಿಸುತ್ತಾರೆ, ಇನ್ನು ಕೆಲವರು ಇಡೀ ಎಪ್ಪತ್ತು ವಾರಗಳೂ ಕ್ರಿಸ್ತನಲ್ಲಿ ನೆರವೇರಿದವೆನ್ನುತ್ತಾರೆ. ಹೀಗೆ ಬೇರೆ ಅಭಿಪ್ರಾಯಗಳಿವೆಯೆಂಬ ಒಂದು ಸಾಲಾದರೂ ನಾವು ಕೊಂಡ ಪುಸ್ತಕದಲ್ಲಿ ಇರಲಿಲ್ಲ. ಅದಕ್ಕೇ ನನಗೆ ಬೇಸರ. ಟಿಪ್ಪಣಿ ಬರೆದವರಿಗೆ ಒಂದು ಪಕ್ಷವಿರುವುದು ಸಹಜ, ಆದರೆ ಅದು ಪಕ್ಷವೆಂದು ಓದುಗರಿಗೆ ತಿಳಿಸುವುದು ಅವರ ಹೊಣೆ.

ಇದು ಹಳೆಯ ಪೇಚಾಟವೇ. 1560ರ ಜಿನೀವಾ ಬೈಬಲಿನ ಅಂಚಿನ ಟಿಪ್ಪಣಿಗಳು ಇಂಗ್ಲೆಂಡಿನ ದೊರೆ ಜೇಮ್ಸನಿಗೆ ಸೇರಲಿಲ್ಲ, ಆದ್ದರಿಂದ ಅವನ ಅಪ್ಪಣೆಯಿಂದ 1611ರಲ್ಲಿ ಬಂದ ಅನುವಾದದಲ್ಲಿ ಮೂಲದ ಮಾತುಗಳನ್ನು ವಿವರಿಸುವ ಟಿಪ್ಪಣಿಗಳನ್ನು ಬಿಟ್ಟರೆ ಬೇರೆಯವನ್ನು ಸೇರಿಸಲಿಲ್ಲ. 1804ರಲ್ಲಿ ಲಂಡನ್ನಿನಲ್ಲಿ ಹುಟ್ಟಿದ ಬೈಬಲ್ ಸೊಸೈಟಿ ಟಿಪ್ಪಣಿಯೂ ವ್ಯಾಖ್ಯಾನವೂ ಇಲ್ಲದ ಸತ್ಯವೇದವನ್ನೇ ಹಂಚುವ ನಿಯಮ ಮಾಡಿಕೊಂಡಿತು. ಬೇರೆ ಬೇರೆ ಸಭೆಯವರು ಒಂದೇ ಪುಸ್ತಕವನ್ನು ಕೈಗೆತ್ತಿಕೊಳ್ಳಲು ಅದರಿಂದಲೇ ಸಾಧ್ಯವಾಯಿತು. ಇದಕ್ಕೆ ಎದುರಾಗಿ, ಅಮೆರಿಕದ ಸ್ಕೋಫೀಲ್ಡ್ 1909ರಲ್ಲಿ ಹೊರತಂದ ಉಲ್ಲೇಖ ಬೈಬಲಿನಲ್ಲಿ ಟಿಪ್ಪಣಿಗಳು ವಚನಗಳ ಪುಟದಲ್ಲಿಯೇ ಕೂತವು, ಮತ್ತು ಕಾಲವನ್ನು ಯುಗಯುಗಗಳಾಗಿ ವಿಂಗಡಿಸುವ ಬೋಧನೆ ಲೋಕದ ನಾನಾ ಕಡೆಗೆ ಹರಡಿದ್ದು ಬಹುಮಟ್ಟಿಗೆ ಆ ಪುಟಗಳಿಂದ. ಸತ್ಯವೇದದ ಕೊನೆಯ ಪುಸ್ತಕವಾದ ಪ್ರಕಟನೆಯ 2 ಮತ್ತು 3ನೆಯ ಅಧ್ಯಾಯಗಳ ಏಳು ಸಭೆಗಳು ಸಭಾಚರಿತ್ರೆಯ ಏಳು ಕಾಲಗಳೆಂಬ ಮಾತು ನಮ್ಮ ಹಳ್ಳಿಗಳಲ್ಲಿಯೂ ಕೇಳಿಬರುತ್ತದೆ. ಗೆರೆಯ ಮೇಲೆ ನೋಡಿದರೆ ಅವು ಇಂದಿನ ಟರ್ಕಿಯಲ್ಲಿದ್ದ ಆಸ್ಯ ಸೀಮೆಯ ಏಳು ಊರುಗಳು, ಅವುಗಳ ಹೆಸರುಗಳು 1:11ರಲ್ಲಿಯೇ ಇವೆ.

ಧ್ಯಾನದ ಓದನ್ನು ನನಗೆ ತೋರಿಸಿಕೊಟ್ಟವರು ಶಾಲೆಯ ಕ್ಯಾಥೋಲಿಕ್ ಗೆಳತಿ. ಓದು, ಮನನ, ಪ್ರಾರ್ಥನೆ, ಮೌನದರ್ಶನ ಎಂಬ ನಾಲ್ಕು ಮೆಟ್ಟಿಲುಗಳನ್ನು 12ನೆಯ ಶತಮಾನದ ಸನ್ಯಾಸಿ ಎರಡನೆಯ ಗೀಗೋ ಕ್ರಮವಾಗಿ ಬರೆದಿಟ್ಟರು. ಒಬ್ಬರೇ ಇರುವಾಗ ಇದಕ್ಕಿಂತ ಒಳ್ಳೆಯ ಓದು ನನಗೆ ಸಿಕ್ಕಿಲ್ಲ. ಕೂಟದಲ್ಲಿ ಮಾತ್ರ ಇದು ನಡೆಯಲಿಲ್ಲ, ದಿನವಿಡೀ ಮಗ್ಗದಲ್ಲಿ ದುಡಿದವರು ಮೌನ ಬಂದೊಡನೆ ತೂಕಡಿಸುತ್ತಾರೆ. ಬರೆದವನ ಉದ್ದೇಶ, ಬರಹದ ಬಗೆ, ಇಡೀ ಶಾಸ್ತ್ರದ ಏಕತೆ, ಸಭೆಯ ಪರಂಪರೆ ಇವೆಲ್ಲವನ್ನೂ ಗಮನಿಸಿಯೇ ಅರ್ಥ ಹೇಳಬೇಕೆಂದು ಎರಡನೆಯ ವ್ಯಾಟಿಕನ್ ಮಹಾಸಭೆ 1965ರಲ್ಲಿ ಹೇಳಿದ್ದನ್ನು ಅದೇ ಗೆಳತಿ ತೋರಿಸಿದಾಗ, ಶಾಸ್ತ್ರವನ್ನು ಶಾಸ್ತ್ರದಿಂದಲೇ ವ್ಯಾಖ್ಯಾನಿಸಬೇಕೆನ್ನುವ ನಮ್ಮ ಪ್ರಾಟೆಸ್ಟಂಟ್ ಹಿರಿಯರ ಮಾತಿಗೆ ಅದು ಎಷ್ಟು ಹತ್ತಿರವೆಂದು ಸಂತೋಷವಾಯಿತು. ಪರಂಪರೆಗೆ ಕೊಡುವ ತೂಕದಲ್ಲಿ ಮಾತ್ರ ನಮ್ಮಿಬ್ಬರ ದಾರಿ ಬೇರೆ.

ನನ್ನ ಮೆಚ್ಚಿನ ಕ್ರಮಕ್ಕೂ ಒಂದು ಮಿತಿಯಿದೆ. ಬಿತ್ತುವವನ ಸಾಮ್ಯ ಓದುವಾಗ ಒಬ್ಬ ಹುಡುಗ, ದಾರಿಯ ಮೇಲೆ ಬೀಜ ಚೆಲ್ಲುವ ಒಕ್ಕಲಿಗ ಎಂಥವನು ಎಂದು ಕೇಳಿದ. ಕೂರಿಗೆಯಿಂದ ಸಾಲಿನೊಳಗೇ ಜೋಳ ಬಿತ್ತುವುದನ್ನು ಕಂಡವನಿಗೆ ಹಾಗೆನಿಸುವುದು ನ್ಯಾಯವೇ. ಆ ಕಾಲದಲ್ಲಿ ಅಲ್ಲಿ ಕೈಯಿಂದ ಎರಚಿ ಬಿತ್ತುತ್ತಿದ್ದರೆಂಬುದು ಹಿಂದಿನ ವಚನದಲ್ಲಿಯೂ ಇಲ್ಲ, ಮುಂದಿನ ವಚನದಲ್ಲಿಯೂ ಇಲ್ಲ. ಇಂಥದ್ದಕ್ಕೆ ಒಂದು ಬೈಬಲ್ ನಿಘಂಟು ಬೇಕೇ ಬೇಕು, ಮತ್ತು ಕೂಟಕ್ಕೆ ಒಂದು ಇದ್ದರೆ ಸಾಕು.

ಖರ್ಚಿನ ಲೆಕ್ಕದಲ್ಲಿಯೂ ನನ್ನ ಆಯ್ಕೆ ಅದೇ. ಟಿಪ್ಪಣಿ ಸತ್ಯವೇದ ಒಂದಕ್ಕೆ ಕೊಟ್ಟ ಹಣದಲ್ಲಿ ಹಲವು ಸಾದಾ ಪ್ರತಿಗಳು ಬರುತ್ತವೆ, ಪ್ರತಿಯೊಬ್ಬರ ಮಡಿಲಲ್ಲಿಯೂ ಒಂದು ಪುಸ್ತಕ ತೆರೆದಿರುತ್ತದೆ. ಒಬ್ಬರೇ ಓದುವವರು, ಬೇರೆ ಬೇರೆ ಪಂಥಗಳ ಪರಿಚಯವಿರುವವರು ಟಿಪ್ಪಣಿಯದನ್ನು ಕೊಳ್ಳಬಹುದು, ಅವರಿಗೆ ಗೆರೆ ಕಾಣುತ್ತದೆ. ಗಟ್ಟಿಯಾಗಿ ಓದಿ ಕೇಳುವ ನಮ್ಮಂಥ ಕೂಟಕ್ಕೆ ಅದು ಬೇಡ. ನಮ್ಮದು ಈಗ ಕಪಾಟಿನಲ್ಲಿದೆ, ಪೌಲನ ಪ್ರಯಾಣದ ನಕ್ಷೆ ಬೇಕಾದಾಗ ಹೊರಗೆ ತೆಗೆಯುತ್ತೇವೆ. ಮುಂದಿನ ಬುಧವಾರ ಗಲಾತ್ಯದವರಿಗೆ ಬರೆದ ಪತ್ರವನ್ನು ಆರೂ ಅಧ್ಯಾಯ ಒಂದೇ ಸಲ ಗಟ್ಟಿಯಾಗಿ ಓದುವುದೆಂದು ಗೊತ್ತುಮಾಡಿದ್ದೇವೆ, ಚರ್ಚೆ ಅದರ ಮುಂದಿನ ವಾರ.