ಗೇಮ್‌ಬಾಯ್‌ನಲ್ಲಿ ಅಡಿಕೆ ಮರ ಹತ್ತಿದ್ದು: ಎರಡು ಮಳೆಗಾಲ ಜಿಬಿ ಸ್ಟುಡಿಯೋ ಬಳಸಿದ ಮೇಲೆ

ಮೊದಲೇ ಹೇಳಿಬಿಡುತ್ತೇನೆ. ಗೇಮ್‌ಬಾಯ್‌ಗೆ, ಅಂದರೆ ನಿಂಟೆಂಡೊದವರ ಹಳೇ ಕೈಯಲ್ಲಿ ಹಿಡಿದಾಡುವ ಯಂತ್ರಕ್ಕೆ, ಸ್ವಂತ ಆಟ ಮಾಡಬೇಕು ಅಂತ ಆಸೆ ಇದ್ದವರು ಯೋಚನೆ ಮಾಡದೆ ಜಿಬಿ ಸ್ಟುಡಿಯೋ ಇಳಿಸಿಕೊಳ್ಳಿ. ದುಡ್ಡು ಕೊಡಬೇಕಿಲ್ಲ, ಓಪನ್ ಸೋರ್ಸ್. ವಿಂಡೋಸ್, ಮ್ಯಾಕ್, ಲಿನಕ್ಸ್ ಮೂರರಲ್ಲೂ ಓಡುತ್ತದೆ. ಕ್ರಿಸ್ ಮಾಲ್ಟ್‌ಬಿ ಎಂಬವರು 2019ರಲ್ಲಿ ಹೊರತಂದದ್ದು. ಕೋಡ್ ಬರೆಯಲು ಬಾರದವರಿಗೂ ಕೈಗೆ ಹತ್ತುತ್ತದೆ. ಆದರೆ ಕನ್ನಡದಲ್ಲಿ ಆಟ ಮಾಡುವವರಿಗೆ ಒಂದು ದೊಡ್ಡ ತೊಡಕಿದೆ, ಅದಕ್ಕೆ ನಾನು ಕಂಡುಕೊಂಡ ದಾರಿಯೂ ಇದೆ, ಅದನ್ನು ಹೇಳೋಕೇ ಇಷ್ಟುದ್ದ ಬರೆಯುತ್ತಿದ್ದೇನೆ.

ನಮ್ಮನೆ ಶಿರಸಿ ಹತ್ತಿರ, ಸುತ್ತ ಅಡಿಕೆ ತೋಟ. ಚಿಕ್ಕವನಿದ್ದಾಗ ನಮ್ಮ ಕಡೆ ಎಲ್ಲರೂ ಆಡಿದ್ದು ಟಿವಿಗೆ ಸಿಕ್ಕಿಸುವ ನಕಲಿ ನಿಂಟೆಂಡೊ ಸೆಟ್‌ಗಳಲ್ಲಿ. ಎರಡು ವರ್ಷಕ್ಕೊಮ್ಮೆ ಮಾರಿಕಾಂಬಾ ಜಾತ್ರೆ ಬಂದರೆ ಒಂದು ಕಾರ್ಟ್ರಿಜ್ ಗ್ಯಾರಂಟಿ. ಅಸಲಿ ಗೇಮ್‌ಬಾಯ್ ಮನೆಗೆ ಬಂದದ್ದು ದೊಡ್ಡಪ್ಪನ ಮಗ ದುಬೈನಿಂದ ತಂದಾಗ. 1989ರ ಮಾದರಿ, ಬೂದು ಬಣ್ಣ, ಇಟ್ಟಿಗೆಯಷ್ಟು ದಪ್ಪ, ನಾಲ್ಕು ಪೆನ್ಸಿಲ್ ಸೆಲ್ ಹಾಕಬೇಕು. ಅದು ಇವತ್ತಿಗೂ ಓಡುತ್ತಿದೆ. ಹಳೇ ಕಾರ್ಟ್ರಿಜ್ ಕೂಡಿಡುತ್ತಾ ಕೂಡಿಡುತ್ತಾ ಹೋಮ್‌ಬ್ರೂ ಕಡೆ ತಿರುಗಿದೆ. ಅಂದರೆ ಈ ಹಳೇ ಯಂತ್ರಗಳಿಗೆ ಈಗಿನವರು ಮನೆಯಲ್ಲಿ ಕೂತು ಮಾಡುವ ಹೊಸ ಆಟಗಳು. ನನಗೆ ತುಂಬಾ ಇಷ್ಟವಾದದ್ದು ಮಾರ್ಫ್‌ಕ್ಯಾಟ್ ಗೇಮ್ಸ್‌ನವರು ಎನ್‌ಇಎಸ್‌ಗೆ, ಅಂದರೆ ಟಿವಿಗೆ ಸಿಕ್ಕಿಸುವ ಅಸಲಿ ನಿಂಟೆಂಡೊಗೆ, ಮಾಡಿದ ಮೈಕ್ರೋ ಮೇಜಸ್. ನಾಲ್ಕು ಜನ ಒಟ್ಟಿಗೆ ಆಡಬಹುದು, ಇಡೀ ಆಟ ಬರೀ 40 ಕಿಲೋಬೈಟ್. ಮೊಬೈಲ್‌ನ ಒಂದು ಫೋಟೋಗೂ ಇದಕ್ಕಿಂತ ಜಾಸ್ತಿ ಜಾಗ ಬೇಕು! ಇಂಥದ್ದು ಕೊಳ್ಳುವವರು ಒಂದು ವಿಷಯ ನೋಡಿಕೊಳ್ಳಿ. ನಮ್ಮ ನಕಲಿ ಸೆಟ್‌ಗಳಿಗೆ 60 ಪಿನ್ನಿನ ಕಾರ್ಟ್ರಿಜ್ ಬೇಕು, ಅಮೆರಿಕ ಯುರೋಪಿನ ಎನ್‌ಇಎಸ್‌ದು 72 ಪಿನ್. ಅಡಾಪ್ಟರ್ ಇಲ್ಲದೆ ಕೂರುವುದಿಲ್ಲ.

ಈಗ ನನ್ನ ಆಟಕ್ಕೆ ಬರುತ್ತೇನೆ. ಹೆಸರು ‘ಕೊನೆಗೌಡ’. ಬೇರೆ ಕಡೆಯವರಿಗೆ ಹೇಳಬೇಕೆಂದರೆ ಕೊನೆ ಅಂದರೆ ಅಡಿಕೆ ಗೊಂಚಲು, ಕೊನೆಗೌಡ ಅಂದರೆ ಮರ ಹತ್ತಿ ಅದನ್ನು ಕೊಯ್ಯುವವನು. ಒಂದು ಮರ ಮುಗಿದ ಮೇಲೆ ಆತ ಕೆಳಗೆ ಇಳಿಯುವುದಿಲ್ಲ, ಮೇಲಿನಿಂದಲೇ ಮರವನ್ನು ತೂಗಿಸಿ ಪಕ್ಕದ ಮರ ಹಿಡಿಯುತ್ತಾನೆ. ಚಿಕ್ಕಂದಿನಿಂದ ನೋಡಿದ್ದೇನೆ, ಈಗಲೂ ಎದೆ ಝಲ್ ಅನ್ನುತ್ತದೆ. ಮಳೆಗಾಲಕ್ಕೆ ಮೊದಲು ಕೊಳೆ ರೋಗ ಬರಬಾರದು ಅಂತ ಕೊನೆಗೆ ಅಡಿಕೆ ಹಾಳೆಯ ಕೊಟ್ಟೆ, ಅಂದರೆ ಮಳೆ ತಾಗದ ಹಾಗೆ ಒಂದು ಹೊದಿಕೆ, ಕಟ್ಟುವ ಪದ್ಧತಿ ಇತ್ತು, ಈಗ ಹೆಚ್ಚಿನವರು ಮೈಲುತುತ್ತ ಸುಣ್ಣದ ಬೋರ್ಡೋ ದ್ರಾವಣ ಹೊಡೆಯುತ್ತಾರೆ. ಆಟದಲ್ಲಿ ಕೊಟ್ಟೆಯನ್ನೇ ಇಟ್ಟಿದ್ದೇನೆ. ಮೋಡ ಕವಿಯುತ್ತಾ ಬರುತ್ತದೆ, ಮಳೆ ಬೀಳುವುದರೊಳಗೆ ಎಷ್ಟು ಕೊನೆಗೆ ಕಟ್ಟಿದೆ ಅನ್ನುವುದೇ ಆಟ.

ಇದನ್ನು ಮಾಡಲು ಜಿಬಿ ಸ್ಟುಡಿಯೋ ಎಷ್ಟು ಸಲೀಸು ಅಂದರೆ, ಮೊದಲ ದಿನ ಸಂಜೆಯೊಳಗೆ ಗೌಡ ಮರ ಹತ್ತಿ ಇಳಿಯುತ್ತಿದ್ದ. ದೃಶ್ಯ ಯಾವ ಥರದ್ದು ಅಂತ ಮೊದಲೇ ಆರಿಸಿಕೊಳ್ಳಬಹುದು. ಮೇಲಿನಿಂದ ನೋಡುವುದು, ಹಾರಿ ಓಡುವ ಪ್ಲಾಟ್‌ಫಾರ್ಮರ್, ಗುಂಡು ಹಾರಿಸುವುದು, ಹೀಗೆ. ನಾನು ಪ್ಲಾಟ್‌ಫಾರ್ಮರ್ ತಗೊಂಡೆ. ಚಿತ್ರದ ಮೇಲೆ ಇಲ್ಲಿ ನೆಲ, ಇಲ್ಲಿ ಗೋಡೆ, ಇಲ್ಲಿ ಏಣಿ ಅಂತ ಬಣ್ಣ ಬಳಿದ ಹಾಗೆ ಬಳಿಯುತ್ತಾ ಹೋಗುವುದು. ಅಡಿಕೆ ಮರದ ಉದ್ದಕ್ಕೂ ಏಣಿ ಅಂತ ಬಳಿದೆ, ಆಯ್ತು. ನೆಗೆತ, ಗುರುತ್ವದ ಅಂಕಿ ಎಲ್ಲ ಸೆಟ್ಟಿಂಗ್ಸ್‌ನಲ್ಲೇ ಬದಲಿಸಬಹುದು. ಮರದಿಂದ ಮರಕ್ಕೆ ಹಾಯುವುದಕ್ಕೆ ಮಾತ್ರ ಒಂದು ಬಟನ್‌ಗೆ ಬೇರೆಯೇ ಸ್ಕ್ರಿಪ್ಟ್ ಕಟ್ಟಬೇಕಾಯಿತು, ಅದಕ್ಕೆ ಎರಡು ವಾರ ಹೋಯಿತು.

ಕಷ್ಟ ಇರುವುದು ಸಾಫ್ಟ್‌ವೇರ್‌ನಲ್ಲಿ ಅಲ್ಲ, ಗೇಮ್‌ಬಾಯ್‌ನ ಮಿತಿಯಲ್ಲಿ. ಪರದೆ 160 ಪಿಕ್ಸೆಲ್ ಅಗಲ, 144 ಎತ್ತರ. ನಾಲ್ಕೇ ಛಾಯೆ. ಎಲ್ಲ ಚಿತ್ರವೂ ಎಂಟಕ್ಕೆಂಟು ಪಿಕ್ಸೆಲ್‌ನ ಟೈಲ್‌ಗಳಿಂದ ಆಗಬೇಕು, ಒಂದು ದೃಶ್ಯದ ಹಿನ್ನೆಲೆಯಲ್ಲಿ ಬೇರೆ ಬೇರೆ ಟೈಲ್ 192 ದಾಟಬಾರದು. ಓಡಾಡುವ ಚಿತ್ರಗಳಿಗೆ ಇನ್ನೊಂದು ಮಿತಿ, ಒಂದೇ ಗೆರೆಯಲ್ಲಿ ಹತ್ತು ತುಂಡು ಮಾತ್ರ ಕಾಣುತ್ತದೆ. ನಮ್ಮ ಗೌಡ 16 ಪಿಕ್ಸೆಲ್ ಅಗಲ, ಅಂದರೆ ಎರಡು ತುಂಡು. ಅವನಂಥವರು ಸಾಲಾಗಿ ಐದು ಜನ ನಿಲ್ಲಬಹುದು, ಆರನೆಯವನು ಮಾಯ. ಹಾಗಾಗಿ ಕೆಳಗೆ ನಿಂತು ಕೊನೆ ಹಿಡಿಯುವವರನ್ನು ಒಬ್ಬನಿಗೆ ಇಳಿಸಿದೆ. ತೋಟ ಬಿಡಿಸುವುದಕ್ಕೆ ಈ 192 ಸಾಕೋ ಸಾಕು. ಅಡಿಕೆ ತೋಟ ಅಂದರೇನು, ಅದೇ ಕಾಂಡ, ಅದೇ ಗಂಟು, ಅದೇ ಸೋಗೆ, ಅಲ್ವಾ? ನಾಲ್ಕು ಟೈಲ್‌ನಲ್ಲಿ ಒಂದು ಕಾಂಡ ಮಾಡಿ ಇಡೀ ತೋಟ ನೆಟ್ಟೆ.

ಆದರೆ ಕನ್ನಡ ಅಕ್ಷರ?

ಇಲ್ಲೇ ನಾನು ತಿಂಗಳುಗಟ್ಟಲೆ ಕೂತದ್ದು. ಮಾತು ತೋರಿಸುವ ಡಬ್ಬಿ ಇಂಗ್ಲಿಷ್‌ಗೆ ಹೇಳಿ ಮಾಡಿಸಿದ್ದು. ಒಂದು ಅಕ್ಷರಕ್ಕೆ ಎಂಟಕ್ಕೆಂಟರ ಒಂದು ಮನೆ. ನಮ್ಮದೇ ಫಾಂಟ್ ಬಿಡಿಸಿ ಹಾಕಬಹುದು, ನಿಜ. ಆದರೆ ಎಂಟು ಪಿಕ್ಸೆಲ್ ಎತ್ತರದಲ್ಲಿ ‘ಕೊಟ್ಟೆ’ ಅಂತ ಬರೆದು ನೋಡಿ. ‘ಟೆ’ ಬರೆಯುವುದರೊಳಗೆ ಎಂಟೂ ಮುಗಿಯುತ್ತದೆ, ಕೆಳಗಿನ ಒತ್ತಿಗೆ ಜಾಗವೇ ಇಲ್ಲ. ದ ಮತ್ತು ಧ ನಡುವೆ ಇರುವುದು ಬುಡದ ಒಂದು ಸೀಳು, ಬ ಮತ್ತು ಭ ಕೂಡ ಹಾಗೇ. ಆ ಸೀಳು ಒಂದು ಪಿಕ್ಸೆಲ್ ಆದರೆ ಹಳೇ ಹಸಿರು ಪರದೆಯಲ್ಲಿ ಕಾಣುವುದೇ ಇಲ್ಲ. ಮೊದಲು ಒತ್ತಕ್ಷರ ಇಲ್ಲದ ಮಾತನ್ನೇ ಹುಡುಕಿ ಹುಡುಕಿ ಬರೆದೆ. ‘ಮಳೆ ಬಂತು, ಇಳಿ’ ಅನ್ನುವಂಥದ್ದು. ಆದರೆ ಕೊಟ್ಟೆ ಕಟ್ಟುವ ಆಟದಲ್ಲಿ ‘ಕಟ್ಟು’ ಅಂತ ಬರೆಯಲಾಗದಿದ್ದರೆ ಏನು ಬಂತು? ಆ ದಾರಿ ಬಿಟ್ಟೆ.

ಕೊನೆಗೆ ಹೀಗೆ ಮಾಡಿದೆ. ಮಾತನ್ನು ಅಕ್ಷರವಾಗಿ ಹಾಕದೆ ಚಿತ್ರವಾಗಿ ಹಾಕಿದೆ. ಒಂದು ಸಾಲಿಗೆ 16 ಪಿಕ್ಸೆಲ್ ಎತ್ತರ, ಮೇಲಿನ ಹತ್ತು ಅಕ್ಷರಕ್ಕೆ, ಕೆಳಗಿನ ಆರು ಒತ್ತಿಗೆ. ಪರದೆಯ ಅಗಲಕ್ಕೆ 20 ಟೈಲ್, ಎರಡು ಎತ್ತರ, ಅಂದರೆ ಸಾಲಿಗೆ 40 ಟೈಲ್. ನಾಲ್ಕು ಸಾಲಿಗೆ 160. ಉಳಿದ 32ರಲ್ಲಿ ಮೇಲೆ ಕೆಳಗೆ ಒಂದು ಅಂಚು, ಮೂಲೆಯಲ್ಲಿ ಮಾತಾಡುವವನ ಮುಖ. ಹಾಗಾಗಿ ಮಾತು ಬಂದಾಗಲೆಲ್ಲ ತೋಟ ಮರೆಯಾಗಿ ಬೇರೆ ದೃಶ್ಯ ಬರುತ್ತದೆ, ಬಟನ್ ಒತ್ತಿದರೆ ವಾಪಸ್ ತೋಟ. ಶೀರ್ಷಿಕೆಗೆ ಲೋಗೋ ಅನ್ನುವ ದೃಶ್ಯ ಬಳಸಿ, ಅದರಲ್ಲಿ 192ರ ಮಿತಿ ಇಲ್ಲ, ಪರದೆಯ ಅಷ್ಟೂ 360 ಟೈಲ್ ಸಿಗುತ್ತದೆ. ಅಲ್ಲಿ ‘ಕೊನೆಗೌಡ’ ಅಂತ ದಪ್ಪ ದಪ್ಪ ಅಕ್ಷರ ಬರೆದು ಮೊದಲ ಸಲ ಅಸಲಿ ಯಂತ್ರದಲ್ಲಿ ಹಾಕಿದಾಗ ಕಣ್ಣು ತುಂಬಿ ಬಂತು. ಆ ಪರದೆಯಲ್ಲಿ ನಾನು ನೋಡಿದ ಮೊದಲ ಕನ್ನಡ ಪದ ಅದು.

ಸದ್ದಿನ ಬಗ್ಗೆ ಹೇಳದಿದ್ದರೆ ತಪ್ಪಾಗುತ್ತದೆ. ಗೇಮ್‌ಬಾಯ್‌ಗೆ ನಾಲ್ಕು ಚಾನೆಲ್, ಅದರಲ್ಲಿ ಒಂದು ಬರೀ ‘ಸರ್’ ಅನ್ನುವ ಗದ್ದಲಕ್ಕೆ. ಆ ಗದ್ದಲದಲ್ಲಿ ಎರಡು ಬಗೆ ಇದೆ. ಉದ್ದದ್ದು ಹಾಕಿದರೆ ಹಂಚಿನ ಮೇಲೆ ಮಳೆ ಸುರಿದ ಹಾಗೆ ಕೇಳುತ್ತದೆ. ಗಿಡ್ಡದ್ದು ಹಾಕಿದರೆ ತಗಡಿನ ಮೇಲೆ ಬಿದ್ದ ಹಾಗೆ. ಶಿರಸಿಯವರಿಗೆ ಈ ವ್ಯತ್ಯಾಸ ಬಿಡಿಸಿ ಹೇಳಬೇಕಿಲ್ಲ! ಮನೆಯ ದೃಶ್ಯಕ್ಕೆ ಮೊದಲನೆಯದು, ಅಡಿಕೆ ಒಣಗಿಸುವ ಶೆಡ್ಡಿಗೆ ಎರಡನೆಯದು ಇಟ್ಟೆ.

ಆಟವನ್ನು ಅಸಲಿ ಯಂತ್ರಕ್ಕೆ ಏರಿಸಲು ಮತ್ತೆ ಮತ್ತೆ ಬರೆಯಬಹುದಾದ ಖಾಲಿ ಕಾರ್ಟ್ರಿಜ್ ಮತ್ತು ಯುಎಸ್‌ಬಿ ರೈಟರ್ ಬೇಕು. ಇಲ್ಲಿ ನನಗೆ ಒಂದು ಪೆಟ್ಟು ಬಿತ್ತು. ಆನ್‌ಲೈನ್‌ನಲ್ಲಿ ಒಬ್ಬರ ಹತ್ತಿರ ಅಗ್ಗಕ್ಕೆ ಸಿಕ್ಕಿತು ಅಂತ ಮೂರು ತರಿಸಿದೆ, ಎರಡರಲ್ಲಿ ಒಳಗಿನ ಬ್ಯಾಟರಿ ಸತ್ತಿತ್ತು. ಆಟ ಓಡುತ್ತದೆ, ಸೇವ್ ಮಾಡಿದ್ದು ಮಾತ್ರ ಆಫ್ ಮಾಡಿದ ಕೂಡಲೇ ಹೋಗುತ್ತದೆ. ತಪ್ಪು ನನ್ನ ಸ್ಕ್ರಿಪ್ಟ್‌ನಲ್ಲೇ ಇದೆ ಅಂದುಕೊಂಡು ಒಂದು ವಾರ ಹುಡುಕಿದೆ. ನೀವು ತಗೊಳ್ಳುವಾಗ ಸೇವ್ ಉಳಿಸಲು ಎಫ್‌ರ‍್ಯಾಮ್ ಅನ್ನುವ ಮೆಮೊರಿ ಚಿಪ್ ಇರುವುದನ್ನೇ ಕೇಳಿ ತಗೊಳ್ಳಿ, ಅದಕ್ಕೆ ಬ್ಯಾಟರಿಯೇ ಬೇಡ. ಸ್ವಲ್ಪ ದುಬಾರಿ, ಆದರೂ ಅದೇ ಸರಿ. ಇನ್ನು ಥಂಡಿ. ಜುಲೈನಲ್ಲಿ ಹೊರಗಿಟ್ಟರೆ ಪಿನ್ನುಗಳು ಮಂಕಾಗುತ್ತವೆ, ಕಾರವಾರ, ಕುಮಟಾ ಕಡೆ ಉಪ್ಪುಗಾಳಿ ಬೇರೆ. ಊದಬೇಡಿ, ಬಾಯಿಯ ಪಸೆ ತಾಗಿ ಇನ್ನೂ ಹಾಳಾಗುತ್ತದೆ. ಐಸೊಪ್ರೊಪೈಲ್ ಆಲ್ಕೋಹಾಲ್ ಹತ್ತಿಗೆ ತಾಗಿಸಿ ಒರೆಸಿ. ನಾನು ಎಲ್ಲವನ್ನೂ ಹಪ್ಪಳ ಇಡುವ ಗಾಳಿಯಾಡದ ಡಬ್ಬಿಯಲ್ಲಿ ಸಿಲಿಕಾ ಜೆಲ್ ಪೊಟ್ಟಣದ ಜೊತೆ ಇಡುತ್ತೇನೆ, ಎರಡು ವರ್ಷದಿಂದ ಒಂದೂ ಕೆಟ್ಟಿಲ್ಲ.

ಕಳೆದ ವರ್ಷ ಕೊನೆ ಕೊಯ್ಯಲು ಬಂದಿದ್ದ ಗೌಡರ ಕೈಗೆ ಆಟ ಕೊಟ್ಟೆ. ಊಟ ಮುಗಿಸಿ ಜಗಲಿಯಲ್ಲಿ ಕೂತಿದ್ದರು. ಕನ್ನಡ ನೋಡಿ ಖುಷಿಪಟ್ಟರು, ನಾಲ್ಕೈದು ಮರ ಹತ್ತಿದರು. ಆಮೇಲೆ ಯಂತ್ರವನ್ನು ನನ್ನ ಕಡೆ ತಿರುಗಿಸಿ, ‘ಇದು ಕಂಬ, ಅಡಿಕೆ ಮರ ಅಲ್ಲ. ಬಾಗದೇ ಇದ್ದರೆ ಪಕ್ಕದ ಮರ ಹೇಗೆ ಸಿಗ್ತದೆ?’ ಅಂದರು. ಸರಿಯಾದ ಮಾತು. ಹಿನ್ನೆಲೆಯ ಟೈಲ್ ಬಾಗುವುದಿಲ್ಲ. ಹಾಗಾಗಿ ಈ ಮಳೆಗಾಲ ಪೂರ್ತಿ ಮರದ ತುದಿಯನ್ನು ಹಿನ್ನೆಲೆಯಿಂದ ಬಿಡಿಸಿ, ಓಡಾಡುವ ನಾಲ್ಕು ತುಂಡು ಮಾಡಿ, ಒಂದರ ಮೇಲೊಂದು ಪೇರಿಸಿದೆ. ಮೇಲಿನದು ಜಾಸ್ತಿ ಸರಿಯುತ್ತದೆ, ಕೆಳಗಿನದು ಕಡಿಮೆ. ಮರದ ತುದಿ ಈಗ ಗೌಡನ ಭಾರಕ್ಕೆ ಬಾಗುತ್ತದೆ, ಕೈ ಬಿಟ್ಟ ಮೇಲೆ ಎರಡು ಸಲ ತೂಗಿ ನಿಲ್ಲುತ್ತದೆ. ದೀಪಾವಳಿ ಕಳೆದ ಮೇಲೆ ಅವರು ಮತ್ತೆ ಕೊಯ್ಲಿಗೆ ಬರುತ್ತಾರೆ, ಸೆಲ್ ಹೊಸದು ತಂದಿಟ್ಟಿದ್ದೇನೆ.